ಹಳೇ ರೇಸ್ ಕಾರಿನ ಮುಂದೆ ಜಂಭ ಬೇಡ, ಮರಿ

ಕೊಯಮತ್ತೂರಿಗೆ ಹೋಗಿ ರೇಸ್ ಕಾರು ಓಡಿಸಬೇಕು ಅಂತ ದುಡ್ಡು ಕಟ್ಟಿದ್ದೀಯಂತೆ. ಸಂತೋಷ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲವಂತೆ, ಅದೂ ಗೊತ್ತಾಯಿತು. ನಾನು ಬಾಯಿ ಬಿಡುವುದಿಲ್ಲ, ಹೆದರಬೇಡ. ಅದಕ್ಕೆ ಬದಲಾಗಿ ನನ್ನ ಮಾತು ಸ್ವಲ್ಪ ಕೇಳಿಸಿಕೋ. ಮದ್ರಾಸಿನ ಆಚೆ ಶೋಲಾವರಂನ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ನಡೆಯುತ್ತಿದ್ದ ಕಾಲದಿಂದ ಈ ಪಿಟ್ಟು, ಈ ಪೆಟ್ರೋಲ್ ವಾಸನೆ, ಈ ಹುಡುಗರ ಆತುರ ಎಲ್ಲ ನೋಡಿಕೊಂಡು ಬಂದವನು ನಾನು. ಕಾರುಗಳು ಬೇಕಾದಷ್ಟು ಬದಲಾದವು. ಹುಡುಗರು ಮಾತ್ರ ಹಾಗೇ ಇದ್ದಾರೆ.

ಮೊದಲನೆಯದಾಗಿ, ಅಲ್ಲಿಗೆ ಹೋದ ಕೂಡಲೇ ಮೂಗು ಮುರಿಯಬೇಡ. ನಿನಗೆ ಕೊಡುವುದು ರೇಸುಗಳಲ್ಲಿ ದುಡಿದು, ಈಗ ಕಲಿಯುವವರ ಕೈಗೆ ಬಂದಿರುವ ಒಂಟಿ ಸೀಟಿನ ಕಾರು. ಬಣ್ಣ ಅಲ್ಲಲ್ಲಿ ಎದ್ದಿರುತ್ತೆ. ಮೂತಿಗೆ ತೇಪೆ ಹಾಕಿರುತ್ತಾರೆ. ಎಲ್‌ಜಿಬಿ ಫಾರ್ಮುಲಾ ಕಾರಾದರೆ ಹಿಂದೆ ಕೂತಿರುವುದು ಮಾರುತಿಯ 1300 ಸಿಸಿ ಎಂಜಿನ್. ಇದನ್ನು ಕೇಳಿದ ತಕ್ಷಣ ಎಷ್ಟೋ ಹುಡುಗರ ಮುಖ ಇಳಿದುಹೋಗುವುದನ್ನು ನೋಡಿದ್ದೇನೆ. 'ನಮ್ಮನೇಲೂ ಇದೇ ಎಂಜಿನ್ ಇದೆಯಲ್ಲ ಸಾರ್' ಅಂತಾರೆ. ಇರಬಹುದಪ್ಪಾ. ನಿಮ್ಮ ಮನೆ ಕಾರಿಗೆ ನಾಲ್ಕು ಬಾಗಿಲು, ಎಸಿ, ಹಿಂದಿನ ಸೀಟಿನಲ್ಲಿ ನಿಮ್ಮಜ್ಜಿ, ಡಿಕ್ಕಿಯಲ್ಲಿ ತೆಂಗಿನಕಾಯಿ. ಇದರಲ್ಲಿ ಅದ್ಯಾವುದೂ ಇಲ್ಲ. ನಿನ್ನ ಬೆನ್ನಿಗೂ ಟಾರಿಗೂ ನಡುವೆ ನಾಲ್ಕು ಬೆರಳಿನ ಜಾಗ. ಅರವತ್ತರ ವೇಗ ಅಂದರೆ ಏನು ಅಂತ ನಿನಗೆ ಅವತ್ತು ಮೊದಲ ಸಲ ಗೊತ್ತಾಗುತ್ತೆ.

ಆ ಮಾರುತಿಗೆ ಒಂದು ಚರಿತ್ರೆಯೂ ಇದೆ. ಕೊಯಮತ್ತೂರಿನಲ್ಲಿ ಕರಿವರ್ಧನ್ ಅಂತ ಒಬ್ಬರಿದ್ದರು. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಅನ್ನುವ ಪುಟ್ಟ ರೇಸ್ ಕಾರು ಕಟ್ಟಿದರು. ಅಲ್ಲಿಯವರೆಗೆ ವಿದೇಶದಿಂದ ಕಾರು ತರಿಸಬಲ್ಲ ಶ್ರೀಮಂತರ ಆಟವಾಗಿದ್ದದ್ದು ಮಧ್ಯಮ ವರ್ಗದ ಹುಡುಗರ ಕೈಗೂ ಎಟುಕಿತು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು ಪಾಪ. ನೀನು ಹೋಗುತ್ತಿರುವ ಚೆಟ್ಟಿಪಾಳ್ಯಂನ ಕರಿ ಮೋಟಾರ್ ಸ್ಪೀಡ್‌ವೇಗೆ ಇಟ್ಟಿರುವುದು ಅವರ ಹೆಸರನ್ನೇ. ಅದೇ ಊರಿನ ನಾರಾಯಣ್ ಕಾರ್ತಿಕೇಯನ್ ಕೂಡ ಶುರುವಿನಲ್ಲಿ ಫಾರ್ಮುಲಾ ಮಾರುತಿಯಲ್ಲಿ ಓಡಿದವನು. 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಕೂತು ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ಅನ್ನಿಸಿಕೊಂಡ. ಅವನಿಗೆ ಸಾಲದ್ದು ಏನೂ ಅದರಲ್ಲಿರಲಿಲ್ಲ. ನಿನಗೆ ಸಾಲುವುದಿಲ್ಲವೋ?

ಅದೃಷ್ಟ ಚೆನ್ನಾಗಿದ್ದು ಫಾರ್ಮುಲಾ ಬಿಎಂಡಬ್ಲ್ಯೂ ಸಿಕ್ಕಿತು ಅಂತಿಟ್ಟುಕೋ. ಹಿಂದಿರುವುದು ಬೈಕಿನ ಎಂಜಿನ್, 140 ಅಶ್ವಶಕ್ತಿ. ಕಾರಿನ ತೂಕ ಐನೂರು ಕಿಲೋ ಮುಟ್ಟುವುದಿಲ್ಲ. ಯುರೋಪಿನಲ್ಲಿ ಮೀಸೆ ಮೂಡದ ಹುಡುಗರು ಇದರಲ್ಲೇ ಕಲಿತರು. 2004ರಲ್ಲಿ ಜರ್ಮನಿಯ ಸರಣಿಯಲ್ಲಿ ಸೆಬಾಸ್ಟಿಯನ್ ವೆಟ್ಟೆಲ್ 20 ರೇಸುಗಳಲ್ಲಿ 18 ಗೆದ್ದದ್ದು ಇಂಥ ಕಾರಿನಲ್ಲಿ. ಆದ್ದರಿಂದ ಒಂದು ವಿಷಯ ಇತ್ಯರ್ಥವಾಯಿತು: ಅವತ್ತು ನೀನು ನಿಧಾನ ಓಡಿದರೆ ತಪ್ಪು ಕಾರಿನದಲ್ಲ. ನಿವೃತ್ತಿಯಾದ ಮೇಷ್ಟರ ಮುಂದೆ ಕೂತಿದ್ದೇನೆ ಅಂದುಕೋ. ಅವರು ಹೊಸದಾಗಿ ಸಾಬೀತು ಮಾಡಬೇಕಾದ್ದು ಏನೂ ಇಲ್ಲ. ಕೂತಲ್ಲಿಂದಲೇ ನಿನ್ನ ಗುಣ ಅಳೆದುಬಿಡುತ್ತಾರೆ.

ಹೋಗುವ ಮುನ್ನ ಎರಡು ಕೆಲಸ ಮಾಡು. ಬೆಂಗಳೂರಿನಲ್ಲೇ ಒಂದಿಷ್ಟು ದಿನ ಗೋ-ಕಾರ್ಟ್ ಓಡಿಸು. ಮಕ್ಕಳಾಟ ಅಂತ ನಗಬೇಡ. ನಮ್ಮ ಊರಿನ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರೂ ಕಾರ್ಟಿನಿಂದಲೇ ಮೇಲೆ ಬಂದವರು. ಅದಕ್ಕೆ ಸಸ್ಪೆನ್ಶನ್ ಇಲ್ಲ, ಮಾಡಿದ ತಪ್ಪು ನೇರವಾಗಿ ಸೊಂಟಕ್ಕೆ ತಲುಪುತ್ತೆ. ಎರಡನೆಯದು, ಅಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಓದು. ಮೊಬೈಲಿನಲ್ಲಿ 'ಒಪ್ಪಿದೆ' ಅಂತ ಒತ್ತಿ ಒತ್ತಿ ನಿಮಗೆಲ್ಲ ಓದುವ ಅಭ್ಯಾಸವೇ ತಪ್ಪಿಹೋಗಿದೆ. ಕಾರಿಗೆ ಪೆಟ್ಟಾದರೆ ಎಷ್ಟರವರೆಗೆ ನೀನು ಕಟ್ಟಬೇಕು ಅನ್ನುವುದು ಅದರಲ್ಲಿರುತ್ತೆ. ರೇಸು, ವೇಗದ ಪರೀಕ್ಷೆ ಇಂಥವನ್ನು ಮಾಮೂಲಿ ವಾಹನ ವಿಮೆ ಹೊರಗಿಟ್ಟಿರುತ್ತೆ. ನಿನ್ನ ಸ್ವಂತ ಅಪಘಾತ ವಿಮೆಯಲ್ಲೂ ಹಾಗೇ ಬರೆದಿರಬಹುದು, ತೆಗೆದು ನೋಡು.

ಬೆಳಿಗ್ಗೆ ಬ್ರೀಫಿಂಗ್ ಅಂತ ಕೂರಿಸುತ್ತಾರೆ. ಮೊಬೈಲನ್ನು ಬ್ಯಾಗಿಗೆ ಹಾಕಿ ಮುಂದಿನ ಸಾಲಿನಲ್ಲಿ ಕೂರು. ಹಿಂದಿನ ಸಾಲಿನಲ್ಲಿ ಕೂತು 'ಇದೆಲ್ಲ ಯೂಟ್ಯೂಬಿನಲ್ಲಿ ನೋಡಿದ್ದೀನಿ ಬಿಡು' ಅನ್ನುವ ಮಹಾಶಯ ಒಬ್ಬ ಪ್ರತಿ ಸಲ ಇರುತ್ತಾನೆ. ಮಧ್ಯಾಹ್ನ ಮಣ್ಣಿಗಿಳಿದು ನಿಲ್ಲುವವನೂ ಸಾಮಾನ್ಯವಾಗಿ ಅವನೇ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ನಿಧಾನಿಸು, ಯಾರನ್ನೂ ದಾಟಬೇಡ. ಕೆಂಪು ಅಂದರೆ ಓಟ ನಿಂತಿತು, ಹುಷಾರಾಗಿ ಪಿಟ್ಟಿಗೆ ಬಾ. ನೀಲಿ ಅಂದರೆ ಹಿಂದಿನಿಂದ ವೇಗದವನು ಬರುತ್ತಿದ್ದಾನೆ, ದಾರಿ ಬಿಡು. ಈ ನೀಲಿ ಬಾವುಟದಲ್ಲೇ ನಮ್ಮ ಗಂಡುಹುಡುಗರು ಸೋಲುವುದು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಆಂಬುಲೆನ್ಸಿಗೂ ಜಾಗ ಬಿಡದ ಅಭ್ಯಾಸ ಅಲ್ಲಿಯವರೆಗೂ ಬೆನ್ನು ಬಿಡುವುದಿಲ್ಲ. ಬಿಡು ಮಾರಾಯಾ, ಹೋಗಲಿ ಅವನು. ಅಲ್ಲಿ ನಿನಗೆ ಯಾರೂ ಕಪ್ ಇಟ್ಟುಕೊಂಡು ಕಾದಿಲ್ಲ.

ಬಿಸಿಲಿನಲ್ಲಿ ನಿಂತು ಆ ಬಾವುಟ ಹಿಡಿಯುವ ಮಾರ್ಷಲ್‌ಗಳನ್ನು ನೋಡು. ಟ್ರ್ಯಾಕಿಗೆ ಇಳಿದಾಗ ನಿನ್ನ ಕ್ಷೇಮ ಇರುವುದು ಅವರ ಕಣ್ಣಲ್ಲಿ. ಮುಗಿಸಿ ಬರುವ ಕೊನೇ ಲ್ಯಾಪಿನಲ್ಲಿ ಅವರ ಕಡೆ ಕೈ ಎತ್ತಿ ನಮಸ್ಕಾರ ಹೇಳು. ಇದು ದೊಡ್ಡ ದೊಡ್ಡ ರೇಸುಗಾರರೂ ಪಾಲಿಸುವ ಮರ್ಯಾದೆ.

ಆಮೇಲೆ ಮೆಕ್ಯಾನಿಕ್. ಆ ತಮಿಳು ಅಣ್ಣನನ್ನು 'ಏಯ್' ಅಂತ ಕರೆದೆ ಅಂತ ನನಗೇನಾದರೂ ಗೊತ್ತಾದರೆ ನೋಡು. 'ಅಣ್ಣಾ' ಅನ್ನು, ಅದಕ್ಕೆ ತಮಿಳು ಕಲಿಯಬೇಕಿಲ್ಲ. ಆ ಕಾರಿನ ಒಂದೊಂದು ನಟ್ಟೂ ಆತನಿಗೆ ಪರಿಚಯ. ಗೇರು ಎಲ್ಲಿ ಹಟ ಮಾಡುತ್ತೆ, ಬ್ರೇಕು ಎಷ್ಟು ಒತ್ತಿದ ಮೇಲೆ ಕಚ್ಚುತ್ತೆ, ಅವನನ್ನೇ ಕೇಳು. ಕೇಳಿದರೆ ಖುಷಿಯಾಗಿ ಹೇಳುತ್ತಾನೆ. ಕೇಳದವರಿಗೆ ಹೇಳುವ ಗೋಜಿಗೆ ಹೋಗುವುದಿಲ್ಲ.

ಕೂರುವುದೂ ಒಂದು ಕಲೆ. ಸ್ಟೇರಿಂಗನ್ನು ಕಳಚಿ ತೆಗೆದಿರುತ್ತಾರೆ. ಸೀಟಿನ ಮೇಲೆ ನಿಂತು, ಎರಡೂ ಬದಿ ಕೈ ಊರಿ, ಕಾಲನ್ನು ಮೂತಿಯೊಳಗೆ ತೂರಿಸುತ್ತಾ ಜಾರಬೇಕು. ಪಾದಗಳ ಜಾಗ ಎಷ್ಟು ಇಕ್ಕಟ್ಟು ಅಂದರೆ ದಪ್ಪ ಅಟ್ಟೆಯ ಶೂ ಹಾಕಿದ್ದರೆ ಬ್ರೇಕ್ ಒತ್ತಲು ಹೋಗಿ ಎರಡು ಪೆಡಲ್ ಒಟ್ಟಿಗೆ ಒತ್ತಿಬಿಡುತ್ತೀಯ. ತೆಳು ಅಟ್ಟೆಯ ಶೂ ತೆಗೆದುಕೊಂಡು ಹೋಗು. ಜೇಬಿನಲ್ಲಿ ಕೀಲಿಗೊಂಚಲು, ಪರ್ಸು ಏನೂ ಇರಬಾರದು. ಅಣ್ಣ ಬೆಲ್ಟು ಎಳೆಯುವಾಗ ಉಸಿರು ಪೂರ್ತಿ ಬಿಡು. ಮೊದಲು ಸೊಂಟದ್ದು, ಆಮೇಲೆ ಭುಜದ್ದು. 'ಸಾಕು, ನೋಯುತ್ತೆ' ಅಂತ ನಿನಗೆ ಅನ್ನಿಸಿದ ಮೇಲೂ ಒಂದು ಸಲ ಎಳೆಯುತ್ತಾನೆ, ಎಳೆಯಲಿ. ಕೊನೆಗೆ ಸ್ಟೇರಿಂಗ್ ತಂದು ಕೂರಿಸಿದಾಗ ಟಕ್ ಅನ್ನುತ್ತೆ. ಆ ಸದ್ದು ಕೇಳಿಸಿತು ಅಂತ ಸುಮ್ಮನಾಗಬೇಡ. ನಿನ್ನೆರಡು ಕೈಯಿಂದ ಎದೆ ಕಡೆಗೆ ಒಮ್ಮೆ ಜಗ್ಗಿ ನೋಡು.

ಟ್ರ್ಯಾಕಿಗೆ ಇಳಿದ ಮೊದಲ ಎರಡು ಲ್ಯಾಪು ಏನೂ ಸಾಧಿಸಲು ಹೋಗಬೇಡ. ಟೈರು ಬಿಸಿಯಾಗುವ ತನಕ ಹಿಡಿತ ಇರುವುದಿಲ್ಲ, ಬ್ರೇಕೂ ಅಷ್ಟೇ. ಎಲ್ಲರೂ ಓಡುವ ಗೆರೆ ಕಪ್ಪಾಗಿ ಕಾಣುತ್ತೆ, ಅದರ ಮೇಲೇ ಇರು. ಅದರಾಚೆ ಟೈರಿನಿಂದ ಉದುರಿದ ರಬ್ಬರಿನ ಹರಳು, ಧೂಳು. ಅಲ್ಲಿಗೆ ಚಕ್ರ ಹೋದರೆ ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನೀನು ಆಕ್ಸಿಲರೇಟರಿನ ಬಗ್ಗೆ ಯೋಚಿಸುತ್ತಿದ್ದೀಯ, ನನಗೆ ಗೊತ್ತು. ಅದನ್ನು ಒತ್ತುವುದಕ್ಕೆ ವಿದ್ಯೆ ಬೇಡ ಕಣೋ. ರೇಸ್ ಕಾರಿನಲ್ಲಿ ಕಷ್ಟದ ಕೆಲಸ ಬ್ರೇಕು. ಮನೆ ಕಾರಿನಲ್ಲಿ ಬೂಸ್ಟರ್ ಇದೆ, ಎಬಿಎಸ್ ಇದೆ. ಹೆಬ್ಬೆರಳು ತಾಗಿಸಿದರೆ ನಿಲ್ಲುತ್ತೆ. ಇಲ್ಲಿ ಅವೆರಡೂ ಇಲ್ಲ. ತೊಡೆಯ ಬಲ ಹಾಕಿ ಒತ್ತಬೇಕು. ಆದರೆ ಗಾಬರಿಯಿಂದ ಒದ್ದೆಯೋ, ಮುಂದಿನ ಚಕ್ರ ಜಾಮ್ ಆಗಿ ಬಿಳೀ ಹೊಗೆ ಏಳುತ್ತೆ, ಟೈರು ಒಂದು ಕಡೆ ಚಪ್ಪಟೆ ಸವೆಯುತ್ತೆ, ಆಮೇಲೆ ಇಡೀ ದಿನ ಸ್ಟೇರಿಂಗ್ ನಡುಗುತ್ತಾ ನಿನ್ನ ಪ್ರತಾಪವನ್ನು ನೆನಪಿಸುತ್ತಲೇ ಇರುತ್ತೆ. ನೇರ ದಾರಿಯಲ್ಲಿರುವಾಗಲೇ ಗಟ್ಟಿಯಾಗಿ ಒತ್ತು, ತಿರುವು ಹತ್ತಿರ ಬಂದಂತೆ ಮೆಲ್ಲಗೆ ಬಿಡು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಬರುತ್ತೆ, ಮುಂದಿನ ಟೈರು ನೆಲ ಕಚ್ಚುತ್ತೆ. ಆ ಕಚ್ಚುವಿಕೆ ಇರುವಾಗಲೇ ತಿರುಗಿಸಬೇಕು. ಪಟ್ಟನೆ ಕಾಲೆತ್ತಿದರೆ ಅದೂ ಹೋಯಿತು.

ತಿರುವಿನ ಒಳಗೆ ನಿಧಾನ ಹೋದವನು ಹೊರಗೆ ಬೇಗ ಬರುತ್ತಾನೆ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ನಂಬುವುದಿಲ್ಲ. ಕರಿ ಟ್ರ್ಯಾಕು ಸುಮಾರು 2.1 ಕಿಲೋಮೀಟರ್. ತಿರುವು ಮುಗಿದು ಆಕ್ಸಿಲರೇಟರ್ ಒಂದು ಕ್ಷಣ ಮುಂಚೆ ಒತ್ತಿದರೆ ಆ ಲಾಭ ಮುಂದಿನ ನೇರ ದಾರಿಯುದ್ದಕ್ಕೂ ಜತೆಗೆ ಬರುತ್ತೆ. ಜೋರಾಗಿ ಒಳನುಗ್ಗಿದವನು ಕಾರನ್ನು ಸಂಭಾಳಿಸುವುದರಲ್ಲೇ ಆ ಕ್ಷಣ ಕಳೆದುಕೊಳ್ಳುತ್ತಾನೆ. ಒಳನುಗ್ಗಿ ಹೆದರಿ ತಿರುವಿನ ಮಧ್ಯದಲ್ಲಿ ಕಾಲು ಕಿತ್ತನೋ, ಹಿಂಭಾಗ ಹಗುರಾಗಿ ಬಾಲ ಬೀಸುತ್ತೆ, ಒಂದು ಪ್ರದಕ್ಷಿಣೆ ಉಚಿತ. ಹಾಗೆ ಸ್ಪಿನ್ ಆದರೆ ಕ್ಲಚ್ಚು, ಬ್ರೇಕು ಎರಡನ್ನೂ ಪೂರ್ತಿ ಒತ್ತಿ ಹಿಡಿ, ಕಾರು ನಿಲ್ಲುವ ತನಕ ಬಿಡಬೇಡ. ನಿಂತ ಮೇಲೂ ಬೆಲ್ಟು ಬಿಚ್ಚಿ ಹಾರಬೇಡ. ಮಾರ್ಷಲ್ ಏನು ಸನ್ನೆ ಮಾಡುತ್ತಾನೆ ನೋಡು. ಪಿಟ್ಟಿಗೆ ಬಂದ ಮೇಲೆ 'ಟೈರ್ ಸರಿ ಇರಲಿಲ್ಲ ಸಾರ್' ಅಂತ ಮಾತ್ರ ಶುರು ಮಾಡಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಕಣ್ಣನ್ನು ದೂರ ಇಡು. ಕಾರು ಕಣ್ಣು ಹೋದ ಕಡೆ ಹೋಗುತ್ತೆ. ಗೋಡೆ ನೋಡಿದರೆ ಗೋಡೆಗೆ.

ಹಾಸನದ ಕಡೆಯ ಒಬ್ಬ ಹುಡುಗಿಯನ್ನು ನೋಡಿದ್ದೆ. ಬ್ಯಾಂಕಿನಲ್ಲಿ ಕೆಲಸ. ಜತೆಗೆ ಬಂದಿದ್ದ ಅವಳ ಆಫೀಸಿನ ಗಂಡುಹುಡುಗರು ಹೆಲ್ಮೆಟ್ ಹಿಡಿದು ಕಾರಿನ ಮುಂದೆ ಫೋಟೋ ತೆಗೆಸಿಕೊಳ್ಳುವುದರಲ್ಲೇ ಮಗ್ನರಾಗಿದ್ದರು. ಇವಳು ಬಾಲ್‌ಪೆನ್ನಿನಲ್ಲಿ ಎಡ ಅಂಗೈ ಮೇಲೆ ಏನೋ ಗೀಚುತ್ತಿದ್ದಳು. ಬಗ್ಗಿ ನೋಡಿದರೆ ಟ್ರ್ಯಾಕಿನ ಸೊಟ್ಟ ನಕ್ಷೆ. ಎಲ್ಲಿ ಬ್ರೇಕು ಹಾಕಬೇಕೋ ಅಲ್ಲೊಂದು ಅಡ್ಡಗೆರೆ. ಪ್ರತಿ ಸಲ ಇಳಿದು ಬಂದಾಗ ಬೋಧಕನ ಹತ್ತಿರ ಹೋಗಿ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು, ಒಂದು ಗೆರೆ ಒರೆಸಿ ಸ್ವಲ್ಪ ಮುಂದೆ ಎಳೆದುಕೊಳ್ಳುತ್ತಿದ್ದಳು. ಬೆಳಿಗ್ಗೆ ಎಲ್ಲರಿಗಿಂತ ಹಿಂದಿದ್ದವಳು. ಸಂಜೆ ಅವಳ ಲ್ಯಾಪಿನ ಸಮಯ ನೋಡಿ ಆ ಹುಡುಗರು ಗಡಿಯಾರ ಕೆಟ್ಟಿದೆ ಅಂದರು. ನಮ್ಮ ಗಂಡುಜಾತಿಯ ಹಣೆಬರಹವೇ ಇಷ್ಟು.

ನಿನ್ನಲ್ಲಿ ಆ ಹುಡುಗಿಯ ಗುಣ ಇಲ್ಲವೇ? ಇದೆ. ಚಿಕ್ಕವನಿದ್ದಾಗ ಹಾಳಾದ ರೇಡಿಯೋ ಬಿಚ್ಚಿಟ್ಟುಕೊಂಡು ಊಟಕ್ಕೆ ಕರೆದರೂ ಏಳದೆ ಕೂರುತ್ತಿದ್ದವನು ನೀನು. ಆ ಹುಡುಗನನ್ನು ಕೊಯಮತ್ತೂರಿಗೆ ಕರೆದುಕೊಂಡು ಹೋಗು. ಇನ್‌ಸ್ಟಾಗ್ರಾಮಿನವನು ಇಲ್ಲೇ ಇರಲಿ.

ಊಟದ ವಿಷಯ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಪೊಂಗಲ್ ಚೆನ್ನಾಗಿರುತ್ತೆ, ತುಪ್ಪ ಸುರಿದಿರುತ್ತಾರೆ, ನನಗೂ ಗೊತ್ತು. ಸಂಜೆ ತಿನ್ನು. ಆ ಬಿಸಿಲಿನಲ್ಲಿ ದಪ್ಪ ಸೂಟು, ತಲೆಗೆ ಹೆಲ್ಮೆಟ್ಟು ಹಾಕಿದರೆ ನೀರೆಲ್ಲ ಬೆವರಾಗಿ ಹೋಗುತ್ತೆ. ಬಾಯಾರುವ ಮುಂಚೆಯೇ ಕುಡಿಯುತ್ತಿರು. ಕೊನೆಯ ಸರದಿಯಲ್ಲಿ ಕೈಕಾಲು ಸೋತಿವೆ ಅನ್ನಿಸಿದರೆ ಕೈ ಎತ್ತಿ ಪಿಟ್ಟಿಗೆ ಬಂದುಬಿಡು. ಕೊಟ್ಟ ದುಡ್ಡಿನ ಲೆಕ್ಕ ಹಾಕಿ ಇನ್ನೊಂದು ಸುತ್ತು ಎಳೆಯಬೇಡ. ಹೆಚ್ಚಿನ ತಪ್ಪುಗಳು ಆ ಇನ್ನೊಂದು ಸುತ್ತಿನಲ್ಲೇ ಆಗುವುದು.

ಹೋಗುವಾಗ ನಿನ್ನ ಕಾರಿನಲ್ಲಿ ಹೋಗುತ್ತೇನೆ ಅನ್ನುತ್ತಿದ್ದೆಯಲ್ಲ, ಅದು ಬೇಡ. ಧರ್ಮಪುರಿ ದಾಟಿದ ಮೇಲೆ ತೊಪ್ಪೂರಿನ ಇಳಿಜಾರು ಇದೆ, ಲಾರಿಗಳ ಬ್ರೇಕು ಕೈಕೊಟ್ಟು ಎಷ್ಟೋ ಜನ ಹೋಗಿರುವ ಜಾಗ. ಅಲ್ಲಿ ನಿನ್ನ ತಾಲೀಮು ಶುರುವಾದರೆ ಕಷ್ಟ. ಬರುವಾಗಂತೂ ಬೇಡವೇ ಬೇಡ. ಇಡೀ ದಿನ ಟ್ರ್ಯಾಕಿನ ವೇಗಕ್ಕೆ ಒಗ್ಗಿದ ಕಣ್ಣಿಗೆ ಹೆದ್ದಾರಿಯ ನೂರು ಅರವತ್ತರ ಹಾಗೆ ಕಾಣುತ್ತೆ, ಗೊತ್ತಿಲ್ಲದೆ ಕಾಲು ಒತ್ತುತ್ತಾ ಹೋಗುತ್ತೆ. ಎದುರಿಗೆ ಹಳದಿ ಬಾವುಟ ತೋರಿಸಲು ಅಲ್ಲಿ ಯಾರೂ ನಿಂತಿರುವುದಿಲ್ಲ. ರಾತ್ರಿ ಬಸ್ಸಿಗೆ ಈಗಲೇ ಟಿಕೆಟ್ ಮಾಡಿಸು. ಹತ್ತಿದ ಮೇಲೆ ಮುಂದೆ ಹೋಗಿ ನಿಂತು, ಎಲ್ಲಿ ಬ್ರೇಕ್ ಹಾಕಬೇಕು ಅಂತ ಡ್ರೈವರ್‌ಗೆ ಪಾಠ ಮಾಡದೆ ನಿನ್ನ ಸೀಟಿನಲ್ಲಿ ಮಲಗು.