ಮಾನಿಟರ್ ಖರೀದಿ: ಚಿತ್ರದ ಸ್ಪಷ್ಟತೆಯನ್ನು ಅಳೆಯುವ ಬಗೆ

ಕಚೇರಿಗೆ ಮಾನಿಟರ್ ಕೊಳ್ಳುವಾಗ ಸಾಮಾನ್ಯವಾಗಿ ವಿಚಾರಿಸುವುದು ಪರದೆಯ ಅಳತೆ ಮತ್ತು ಬೆಲೆಯನ್ನು ಮಾತ್ರ. ದಿನವಿಡೀ ಲೆಕ್ಕಪತ್ರದ ಸಣ್ಣ ಅಂಕಿಗಳನ್ನು ಓದುವ ಸಿಬ್ಬಂದಿಗೆ ಇವೆರಡಕ್ಕಿಂತ ಮುಖ್ಯವಾದುದು ಚಿತ್ರದ ಸ್ಪಷ್ಟತೆ. 3 ಮತ್ತು 8ರ ವ್ಯತ್ಯಾಸ ಮಸುಕಾದರೆ ಬಿಲ್ಲಿನ ಮೊತ್ತವೇ ತಪ್ಪಬಹುದು. ಸ್ಪಷ್ಟತೆಯನ್ನು ಅಳೆಯಲು ನಿಶ್ಚಿತ ಮಾನದಂಡಗಳಿವೆ.

ಬಿಂದುಗಳ ಸಾಂದ್ರತೆ

ಪರದೆಯ ಚಿತ್ರವು ಪಿಕ್ಸೆಲ್ ಎಂಬ ಸೂಕ್ಷ್ಮ ಬಿಂದುಗಳಿಂದ ಕೂಡಿರುತ್ತದೆ. 1920×1080 ರೆಸಲ್ಯೂಷನ್ ಎಂದರೆ ಒಟ್ಟು 20,73,600 ಬಿಂದುಗಳು. ಇಷ್ಟೇ ಬಿಂದುಗಳು 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92ರಂತೆಯೂ, 27 ಇಂಚಿನದರಲ್ಲಿ ಸುಮಾರು 82ರಂತೆಯೂ ಹರಡಿಕೊಳ್ಳುತ್ತವೆ. ಆದುದರಿಂದ ರೆಸಲ್ಯೂಷನ್ ಒಂದೇ ಆದಾಗ ದೊಡ್ಡ ಪರದೆಯ ಅಕ್ಷರಗಳು ಒರಟಾಗಿ ಕಾಣುತ್ತವೆ. 27 ಇಂಚಿನಲ್ಲಿ 2560×1440 ಇದ್ದರೆ ಸಾಂದ್ರತೆ ಸುಮಾರು 109ಕ್ಕೆ ಏರುತ್ತದೆ.

ಎರಡು ಬಿಂದುಗಳ ನಡುವಣ ಅಂತರಕ್ಕೆ ಪಿಕ್ಸೆಲ್ ಪಿಚ್ ಎನ್ನುತ್ತಾರೆ. ಮೇಲಿನ ಮೂರು ಪರದೆಗಳಲ್ಲಿ ಅದು ಕ್ರಮವಾಗಿ ಸುಮಾರು 0.277, 0.311 ಮತ್ತು 0.233 ಮಿಲಿಮೀಟರ್. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನವನ್ನು ಗುರುತಿಸಬಲ್ಲದೆಂದು ಎಣಿಸಲಾಗುತ್ತದೆ. 60 ಸೆಂಟಿಮೀಟರ್ ದೂರದಲ್ಲಿ ಇದು ಸುಮಾರು 0.17 ಮಿಲಿಮೀಟರಿಗೆ ಸಮ. ಪಿಚ್ ಇದಕ್ಕೆ ಹತ್ತಿರವಾದಷ್ಟೂ ಅಕ್ಷರದ ಅಂಚು ನಯವಾಗಿ ಕಾಣುತ್ತದೆ.

ಕಾಂಟ್ರಾಸ್ಟ್ ಮಾಡ್ಯುಲೇಷನ್

ಬಿಂದುಗಳ ಸಂಖ್ಯೆಯೊಂದೇ ಸಾಲದು. ಅವು ಪರಸ್ಪರ ಬೇರೆಯಾಗಿ ಕಾಣಬೇಕು. ಇದನ್ನು ಅಳೆಯಲು ಪರದೆಯ ಮೇಲೆ ಒಂದು ಪಿಕ್ಸೆಲ್ ಅಗಲದ ಬಿಳಿ ಮತ್ತು ಕಪ್ಪು ಗೆರೆಗಳನ್ನು ಸರದಿಯಂತೆ ಮೂಡಿಸಿ, ಉಪಕರಣದಿಂದ ಅವುಗಳ ಪ್ರಕಾಶವನ್ನು ದಾಖಲಿಸುತ್ತಾರೆ. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಬೇಕು. ಬಿಳಿ ಗೆರೆ 200, ಕಪ್ಪು ಗೆರೆ 50 ಮಾನ ಇದ್ದರೆ, 150ನ್ನು 250ರಿಂದ ಭಾಗಿಸಿದಾಗ ಶೇ. 60 ದೊರೆಯುತ್ತದೆ. ಸೊಸೈಟಿ ಫಾರ್ ಇನ್ಫರ್ಮೇಷನ್ ಡಿಸ್‌ಪ್ಲೇ ಸಂಸ್ಥೆಯ ಸಮಿತಿಯು 2012ರಲ್ಲಿ ಪ್ರಕಟಿಸಿದ ಮಾಪನ ಮಾನಕದಂತೆ ಅಕ್ಷರಗಳಿಗೆ ಶೇ. 50, ಚಿತ್ರಗಳಿಗೆ ಶೇ. 25 ಕನಿಷ್ಠ ಮಿತಿ.

ಎಲ್‌ಸಿಡಿ ಪರದೆಯನ್ನು ಅದರ ಮೂಲ ರೆಸಲ್ಯೂಷನ್ನಿನಲ್ಲಿಯೇ ಬಳಸದಿದ್ದರೆ ಒಂದು ಬಿಂದುವಿನ ಮಾಹಿತಿ ಪಕ್ಕದ ಬಿಂದುಗಳಿಗೂ ಹಂಚಿಹೋಗಿ ಈ ಪ್ರಮಾಣ ಕುಸಿಯುತ್ತದೆ. ಹಳೆಯ ವಿಜಿಎ ಕೇಬಲ್ ಬಳಸಿದಾಗಲೂ ಹೊಂದಾಣಿಕೆ ತಪ್ಪಿದರೆ ಮಸುಕು ಉಂಟಾಗುತ್ತದೆ.

ಖರೀದಿಗೆ ಮುನ್ನ

ಪ್ರಯೋಗಾಲಯದ ಉಪಕರಣ ಇಲ್ಲದವರೂ ಸರಳ ಪರೀಕ್ಷೆ ನಡೆಸಬಹುದು. ಮಾನಿಟರನ್ನು ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಕೇಬಲ್ಲಿನಿಂದ ಜೋಡಿಸಿ, ಮೂಲ ರೆಸಲ್ಯೂಷನ್ನಿನಲ್ಲಿರಿಸಿ, ತಮ್ಮದೇ ಸಂಸ್ಥೆಯ ಲೆಕ್ಕದ ಹಾಳೆಯೊಂದನ್ನು ತೆರೆದು ಎಂದಿನ ದೂರದಿಂದ ಓದಿ ನೋಡಬೇಕು. ಹಲವು ಮಾನಿಟರುಗಳನ್ನು ಒಟ್ಟಿಗೆ ತರಿಸುವಾಗ ಖರೀದಿ ಆದೇಶದಲ್ಲಿ ಇಂಚಿನ ಅಳತೆಯೊಡನೆ ಮೂಲ ರೆಸಲ್ಯೂಷನ್ ಮತ್ತು ಪಿಕ್ಸೆಲ್ ಪಿಚ್‌ಗಳನ್ನೂ ನಮೂದಿಸುವುದು ಲೇಸು. ಆಗ ಸರಬರಾಜಾದ ಮಾಲನ್ನು ಆದೇಶದೊಡನೆ ಹೋಲಿಸಿ ನೋಡಲು ಖಚಿತವಾದ ಆಧಾರವೊಂದು ಕೈಯಲ್ಲಿರುತ್ತದೆ.