ಕೆಮ್ಮಲು ಬೇಕಾದ ಧೈರ್ಯ

ಕೈ ಮುರಿದರೆ ಪ್ಲಾಸ್ಟರ್ ಹಾಕಿ ಅಲುಗಾಡದಂತೆ ಇಡ್ತಾರೆ. ಪಕ್ಕೆಲುಬು ಮುರಿದರೆ? ಉಸಿರಾಟ ನಿಲ್ಲಿಸೋಕಾಗಲ್ಲ. ಪ್ರತಿ ಉಸಿರಿಗೂ ಮುರಿದ ಮೂಳೆ ಅಲುಗುತ್ತಲೇ ಇರುತ್ತದೆ.

ಇಲ್ಲಿ ನೋವು ಬರೀ ಸಂಕಟವಲ್ಲ, ಅದೇ ಅಪಾಯ. ನೋವಿಗೆ ಹೆದರಿ ಗಾಯಾಳು ಅರ್ಧಂಬರ್ಧ ಉಸಿರಾಡುತ್ತಾರೆ, ಕೆಮ್ಮು ತಡೆಯುತ್ತಾರೆ. ಕಫ ಒಳಗೇ ಉಳಿದು ನ್ಯುಮೋನಿಯಾ ಆಗಬಹುದು. ವಯಸ್ಸಾದವರಿಗೆ ಅದು ಪ್ರಾಣಕ್ಕೇ ಕುತ್ತು. ಮಾರ್ಫಿನ್ ಕೊಡಬಹುದು, ಆದರೆ ಪ್ರಮಾಣ ಹೆಚ್ಚಾದರೆ ಅದೇ ಉಸಿರಾಟವನ್ನು ಕುಗ್ಗಿಸುತ್ತದೆ.

ಹಾಗಾದರೆ ಇಡೀ ದೇಹಕ್ಕೆ ಮಂಪರು ತರಿಸದೆ, ಆ ಒಂದು ಲೈನನ್ನಷ್ಟೇ ತಡೆದರೆ? ಅದೇ ನರ್ವ್ ಬ್ಲಾಕ್. ಬುಪಿವಕೇನ್‌ನಂಥ ಔಷಧ ನರದ ಸೋಡಿಯಂ ಚಾನೆಲ್‌ಗಳನ್ನು ಮುಚ್ಚುತ್ತದೆ. ನೋವಿನ ಸಿಗ್ನಲ್ ಮುಂದೆ ಹೋಗುವುದಿಲ್ಲ.

ತೊಡಕು ಏನಪ್ಪಾ ಅಂದ್ರೆ, ಪಕ್ಕೆಲುಬಿನ ನರದ ಹಿಂದೆಯೇ ಶ್ವಾಸಕೋಶದ ಪೊರೆ ಇದೆ. ಸೂಜಿ ಸ್ವಲ್ಪ ಆಳಕ್ಕೆ ಹೋದರೂ ಗಾಳಿ ಸೋರಿ ಶ್ವಾಸಕೋಶ ಕುಸಿಯಬಹುದು. ಅದಕ್ಕೇ ಅಲ್ಟ್ರಾಸೌಂಡ್ ಬೇಕು.

ಇದು ನಮಗೆ ಗೊತ್ತಿರೋ ಲೆಕ್ಕವೇ. ಪ್ರೋಬ್‌ನ ಪೀಜೋ ಹರಳುಗಳು ಶಬ್ದ ಕಳಿಸಿ ಪ್ರತಿಧ್ವನಿಗೆ ಕಾಯುತ್ತವೆ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 3 ಸೆಂ.ಮೀ. ಆಳಕ್ಕೆ ಹೋಗಿ ಬರಲು ಸುಮಾರು 39 ಮೈಕ್ರೋಸೆಕೆಂಡ್. 10 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ ಬರೀ 0.15 ಮಿ.ಮೀ. ಆವರ್ತನ ಏರಿಸಿದರೆ ಚಿತ್ರ ಇನ್ನೂ ಸ್ಪಷ್ಟ, ಆದರೆ ಆಳ ಕಡಿಮೆ. ಮೂಳೆ ಹೊಳೆದು ಹಿಂದೆ ಕಪ್ಪು ನೆರಳು ಬಿಡುತ್ತದೆ. ಶ್ವಾಸಕೋಶದ ಪೊರೆ ಉಸಿರಿನ ಜೊತೆ ಜಾರುವ ಬಿಳಿ ಗೆರೆಯಾಗಿ ಕಾಣುತ್ತದೆ. ಸೂಜಿ ತೀರಾ ಕಡಿದಾಗಿ ಹೋದರೆ ಅದರ ಪ್ರತಿಧ್ವನಿ ಪ್ರೋಬ್‌ಗೆ ವಾಪಸ್ ಬರಲ್ಲ, ಸೂಜಿ ಮಾಯ! ತುದಿ ಕಾಣದಿದ್ದರೆ ಮುಂದೆ ತಳ್ಳಬಾರದು.

2016ರಲ್ಲಿ ಪ್ರಕಟವಾದ ಎರೆಕ್ಟರ್ ಸ್ಪೈನೇ ಬ್ಲಾಕ್ ಈ ಅಪಾಯವನ್ನು ಇನ್ನಷ್ಟು ತಗ್ಗಿಸಿತು. ಬೆನ್ನೆಲುಬಿನ ಪಕ್ಕದ ಚಾಚಿಗೂ ಅದರ ಮೇಲಿನ ಸ್ನಾಯುವಿಗೂ ನಡುವೆ ಔಷಧ ಬಿಡುತ್ತಾರೆ. ಅದು ಮೇಲೆ ಕೆಳಗೆ ಹರಡುವುದರಿಂದ ಒಂದೇ ಚುಚ್ಚಿಗೆ ಹಲವು ಪಕ್ಕೆಲುಬುಗಳ ನೋವು ತಗ್ಗಬಹುದು. ಸೂಜಿಗೆ ಮೂಳೆಯೇ ತಡೆಗೋಡೆ. ಒಂದು ಚುಚ್ಚಿನ ಪರಿಣಾಮ ಕೆಲವು ಗಂಟೆ ಮಾತ್ರ. ದಿನಗಟ್ಟಲೆ ಬೇಕಾದರೆ ಸಣ್ಣ ಕ್ಯಾತಿಟರ್ ಇಡುತ್ತಾರೆ. ಔಷಧ ಹೆಚ್ಚಾಗಿ ರಕ್ತ ಸೇರಿದರೆ ಫಿಟ್ಸ್ ಬರಬಹುದು, ಹೃದಯವೂ ನಿಲ್ಲಬಹುದು. ಹಾಗಾಗಿ ತೂಕ ನೋಡಿ ಡೋಸ್ ಲೆಕ್ಕ ಹಾಕುತ್ತಾರೆ.

ಬ್ಲಾಕ್ ಮೂಳೆಯನ್ನು ಕೂಡಿಸುವುದಿಲ್ಲ, ಅದಕ್ಕೆ ವಾರಗಳೇ ಬೇಕು. ಅದು ಕೆಲಸ ಮಾಡಿದೆಯಾ ಅಂತ ತಿಳಿಯಲು ಸ್ಕ್ರೀನ್ ನೋಡಿದರೆ ಸಾಲದು. ‘ಈಗ ಒಮ್ಮೆ ಜೋರಾಗಿ ಕೆಮ್ಮಿ’ ಅಂದಾಗ ಗಾಯಾಳು ಕೆಮ್ಮಿದರೆ, ಅದೇ ಉತ್ತರ.