ಬೇಸರ ನೋಡಿ ವಿಷಯ ಆರಿಸು

ಮಗೂ, ಪಿಯುಸಿ ಫಲಿತಾಂಶ ಬಂದು ಇನ್ನೂ ವಾರವಾಗಿಲ್ಲ, ಆಗಲೇ ಮೂರು ಸಲ ಮನಸ್ಸು ಬದಲಾಯಿಸಿದ್ದೀಯ. ಸೋಮವಾರ ಕಂಪ್ಯೂಟರ್ ಸೈನ್ಸ್, ಬುಧವಾರ ಸಿ.ಎ., ನಿನ್ನೆ ರಾತ್ರಿ ಮನಶ್ಶಾಸ್ತ್ರ. ಅದಕ್ಕೆ ನನಗೇನೂ ಕೋಪವಿಲ್ಲ. ಆದರೆ ಮೂರು ಸಲವೂ ನೀನು ಕೊಟ್ಟ ಕಾರಣ ಒಂದೇ: 'ಅದಕ್ಕೆ ತುಂಬಾ ಸ್ಕೋಪ್ ಇದೆಯಂತೆ.' ಹೇಳಿದವರು ಯಾರು ಅಂದರೆ ಒಮ್ಮೆ ಚಿಕ್ಕಪ್ಪ, ಒಮ್ಮೆ ಫೋನಿನ ರೀಲ್ಸು, ಒಮ್ಮೆ ಗೆಳೆಯನ ಅಣ್ಣ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ನಿನ್ನ ಬುದ್ಧಿಗೇನೂ ಕೊರತೆಯಿಲ್ಲ, ಆತುರ ಒಂದನ್ನು ಹಿಡಿದು ಕೂರಿಸಿದರೆ ಸಾಕು. ಸ್ವಲ್ಪ ಹೊತ್ತು ಕೇಳು.

ನಾನು ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಿದ ಜೀವ. ಅಡ್ಮಿಷನ್ ಸಮಯದಲ್ಲಿ ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆಯೂ ಕೂತಿದ್ದೇನೆ. ಅಲ್ಲಿಗೆ ಬರುವ ಮಕ್ಕಳು ಕೇಳುವುದು ಎರಡೇ ಪ್ರಶ್ನೆ: 'ಈ ಸಬ್ಜೆಕ್ಟ್ ಸುಲಭಾನಾ?' 'ಕೆಲಸ ಸಿಗುತ್ತಾ?' ಎರಡೂ ಕೇಳಬೇಕಾದ ಪ್ರಶ್ನೆಗಳೇ. ಮೂರನೆಯದನ್ನು ಮಾತ್ರ ಯಾರೂ ಕೇಳುವುದಿಲ್ಲ: 'ಇದನ್ನು ತೆಗೆದುಕೊಂಡರೆ ದಿನಾ ಬೆಳಿಗ್ಗೆ ಎದ್ದು ನಾನು ಏನು ಮಾಡಬೇಕು?' ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಹತ್ತಿರ ಹೋದರೆ ಪ್ರತಿ ವಿಷಯಕ್ಕೂ ಅದರದೇ ಒಂದು ಬೇಸರ ಇದೆ. ಯಾವುದರ ಬೇಸರವನ್ನು ನೀನು ಗೊಣಗದೆ ಹೊರಬಲ್ಲೆಯೋ ಅದು ನಿನ್ನ ವಿಷಯ. ಇಷ್ಟೇ ನನ್ನ ಮಾತು, ಉಳಿದದ್ದೆಲ್ಲ ವಿವರ.

ಕಂಪ್ಯೂಟರ್ ಸೈನ್ಸ್ ಅಂದರೆ ಎ.ಸಿ. ಆಫೀಸು ಕಣ್ಣಿಗೆ ಬರುತ್ತದೆ ಅಲ್ಲವೇ? ನಿಜವಾಗಿ ಅದು ಓಡದೆ ನಿಂತ ಪ್ರೋಗ್ರಾಮಿನ ಮುಂದೆ ಸಂಜೆಯಿಡೀ ಕೂತು ಸಾಲು ಸಾಲೂ ಹುಡುಕುವ ಕೆಲಸ. ಬಿ.ಕಾಂ. ಅಂದರೆ ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್. ಎರಡು ಕಡೆ ತಾಳೆಯಾಗದಿದ್ದರೆ ಮತ್ತೆ ಮೊದಲಿನಿಂದ. ಸಿ.ಎ.ಗೆ ಹೋದರೆ ಎರಡು ವರ್ಷದ ಆರ್ಟಿಕಲ್‌ಶಿಪ್ಪು, ವೋಚರ್ ಮೇಲೆ ವೋಚರ್. ಸಸ್ಯಶಾಸ್ತ್ರದಲ್ಲಿ ಬ್ಲೇಡು ಹಿಡಿದು ಕಾಂಡದ ತೆಳ್ಳನೆಯ ಸೆಕ್ಷನ್ ತೆಗೆಯಬೇಕು, ಸ್ಯಾಫ್ರನಿನ್ ಬಣ್ಣ ಹಾಕಬೇಕು, ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ರೆಕಾರ್ಡಿನಲ್ಲಿ ಪೆನ್ಸಿಲಿನಿಂದ ಬಿಡಿಸಬೇಕು. ನಿನ್ನೆ ರಾತ್ರಿ ನಿನ್ನನ್ನು ಸೆಳೆದ ಮನಶ್ಶಾಸ್ತ್ರವಿದೆಯಲ್ಲ, ಅದು ಎದುರಿನವರ ಮನಸ್ಸನ್ನು ಮುಖ ನೋಡಿ ಓದುವ ವಿದ್ಯೆಯಲ್ಲ. ಅದರಲ್ಲಿ ಪ್ರಯೋಗವಿದೆ, ವರದಿಯಿದೆ, ನೀನು ತಪ್ಪಿಸಿಕೊಂಡೆ ಅಂದುಕೊಂಡ ಸಂಖ್ಯಾಶಾಸ್ತ್ರವೂ ಇದೆ. ಕನ್ನಡ ಎಂ.ಎ. ಮಾಡುತ್ತೇನೆ ಅಂದರೆ ಹಳಗನ್ನಡ ಪದ್ಯ ಬಿಡಿಸಿ, ಪ್ರಸ್ತಾರ ಹಾಕಿ, ನಿಘಂಟು ತಿರುವಬೇಕು. ಹೆದರಿಸುತ್ತಿಲ್ಲ ಮಗೂ. ಇವುಗಳಲ್ಲಿ ಒಂದನ್ನು ಓದುವಾಗ 'ಇದೇನು ಮಹಾ, ಮಾಡಬಹುದು' ಅಂತ ನಿನಗೆ ಅನ್ನಿಸಿರಬೇಕು. ಯಾವುದು ಅಂತ ನೆನಪಿಟ್ಟುಕೋ.

ಅಂಕಪಟ್ಟಿಯನ್ನೇ ನಂಬಿ ಕೂರಬೇಡ. ಮೂರು ಗಂಟೆಯಲ್ಲಿ ನೀನು ಏನು ಬರೆಯಬಲ್ಲೆ ಅಂತ ಅದು ಹೇಳುತ್ತದೆ, ಮೂರು ವರ್ಷ ಏನನ್ನು ಮಾಡಬಲ್ಲೆ ಅಂತ ಹೇಳುವುದಿಲ್ಲ. ಲ್ಯಾಬಿನಲ್ಲಿ ಒಬ್ಬ ಹುಡುಗಿಯನ್ನು ನೋಡಿದ್ದೆ. ಅಂಕ ಸಾಧಾರಣ. ಸೆಕ್ಷನ್ ದಪ್ಪ ಬಂದರೆ ಇನ್ನೊಂದು ತೆಗೆಯುತ್ತಿದ್ದಳು, ಅದೂ ಸರಿಯಿಲ್ಲದಿದ್ದರೆ ಮತ್ತೊಂದು. ಬೆಲ್ ಹೊಡೆದದ್ದೇ ಅವಳಿಗೆ ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಅವಳಿಗಿಂತ ಹೆಚ್ಚು ಅಂಕದವರು ಗಡಿಯಾರ ನೋಡುತ್ತಿದ್ದರು. ವಿಷಯ ಯಾರಿಗೆ ಒಲಿಯುತ್ತದೆ ಅಂತ ಊಹಿಸಲು ಜ್ಯೋತಿಷಿ ಬೇಕಿರಲಿಲ್ಲ.

ನಿನ್ನನ್ನೂ ಹಾಗೇ ಗಮನಿಸಿಕೋ. ಮದುವೆ ಮನೆಗೆ ಹೋದರೆ ನೀನು ಎಲ್ಲಿ ಸಿಗುತ್ತೀಯ? ಮುಯ್ಯಿ ಬರೆಯುವವರ ಪಕ್ಕದಲ್ಲೋ, ಬಡಿಸುವ ಸಾಲಿನಲ್ಲೋ, ಕೈಕೊಟ್ಟ ಮೈಕ್ ಬಿಚ್ಚುವವರ ಹತ್ತಿರವೋ, ಇಲ್ಲ ಮೂಲೆಯಲ್ಲಿ ಅಜ್ಜನಿಂದ ಊರಿನ ಹಳೆಯ ಜಗಳದ ಕಥೆ ಕೇಳುತ್ತಲೋ? ಯಾರೂ ಹೇಳದೆ ನೀನಾಗಿ ಕೈಹಾಕುವ ಕೆಲಸಕ್ಕೆ ಬೆಲೆ ಕೊಡು. ಆ ಗುಣ ಕಾಲೇಜಿಗೆ ಹೋದ ಮಾತ್ರಕ್ಕೆ ಬದಲಾಗುವುದಿಲ್ಲ.

ಇನ್ನು ಕೇಳುವುದು ಯಾರನ್ನು? ಟಾಪರನ್ನು ಕೇಳಬೇಡ, ಅವನಿಗೆ ಎಲ್ಲವೂ ಚೆಂದ. ಫೇಲಾದವನನ್ನೂ ಬೇಡ, ಅವನಿಗೆ ಎಲ್ಲವೂ ಕಹಿ. ಎರಡನೇ ವರ್ಷದಲ್ಲಿ ಓದುತ್ತಿರುವ ನಡುಮಟ್ಟದ ಹುಡುಗನನ್ನೋ ಹುಡುಗಿಯನ್ನೋ ಹುಡುಕು. 'ಹೇಗಿದೆ ಕೋರ್ಸು?' ಅಂದರೆ 'ಪರವಾಗಿಲ್ಲ' ಅನ್ನುತ್ತಾರೆ. 'ನಿನ್ನೆ ಏನೇನು ಮಾಡಿದಿರಿ?' ಅಂತ ಕೇಳು, ನಿಜ ಹೊರಬರುತ್ತದೆ. ಆಮೇಲೆ ಆ ವಿಷಯದ ಮೇಷ್ಟ್ರ ಹತ್ತಿರ ಹೋಗು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಬೆವರಬೇಡ, ಕೇಳಲು ಬಂದ ಮಕ್ಕಳೆಂದರೆ ಮೇಷ್ಟ್ರಿಗೆ ಖುಷಿಯೇ. 'ಸರ್, ಈ ವಿಷಯದಲ್ಲಿ ಮಕ್ಕಳು ಎಲ್ಲಿ ಸೋಲುತ್ತಾರೆ? ಇದನ್ನು ಈಗ ಬಿಟ್ಟರೆ ಮುಂದೆ ಯಾವುದಕ್ಕೆ ಅರ್ಹತೆ ತಪ್ಪುತ್ತದೆ?' ಈ ಎರಡು ಕೇಳಿ ಬಾ. ಡಿಗ್ರಿಯಲ್ಲಿ ಓದದ ವಿಷಯದಲ್ಲಿ ಎಂ.ಎಸ್ಸಿ. ಸೀಟು ಸಿಗುವುದು ಕಷ್ಟ. ಅದನ್ನು ಕೊನೆಯ ಸೆಮಿಸ್ಟರಿನಲ್ಲಿ ತಿಳಿದು ಕೈ ಹಿಸುಕಿಕೊಳ್ಳುವವರನ್ನು ಕಂಡಿದ್ದೇನೆ.

ನಿಯಮಕ್ಕೆ ಮಾತ್ರ ಸೀನಿಯರನ್ನು ನೆಚ್ಚಬೇಡ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಅಕ್ಕ ಓದಿದ ಪದ್ಧತಿ ತಮ್ಮನಿಗಿಲ್ಲ. ವಿಶ್ವವಿದ್ಯಾಲಯದ ಈ ವರ್ಷದ ಸಿಲಬಸ್ ಇಳಿಸಿಕೊಂಡು ಕೊನೆಯ ಸೆಮಿಸ್ಟರಿನವರೆಗೆ ಓದು. ಎಂಜಿನಿಯರಿಂಗ್ ಆದರೆ ಇದು ಇನ್ನೂ ಮುಖ್ಯ. ವಿಟಿಯು ಕಾಲೇಜಿನಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತಲೇ ಕಳೆದುಹೋಗುತ್ತದೆ. ನಿನ್ನ ಬ್ರಾಂಚಿನ ನಿಜವಾದ ಮುಖ ಕಾಣುವುದು ಮೂರನೇ ಸೆಮಿಸ್ಟರಿನಲ್ಲಿ.

ಸಿಇಟಿ ಬರೆದಿದ್ದೀಯಲ್ಲ, ಆಪ್ಷನ್ ಎಂಟ್ರಿಯ ಮಾತೂ ಹೇಳಿಬಿಡುತ್ತೇನೆ. ಸೈಬರ್ ಸೆಂಟರಿನವನ ಕೈಗೆ ಪಾಸ್‌ವರ್ಡ್ ಕೊಟ್ಟು ಟೀ ಕುಡಿಯಲು ಹೋಗಬೇಡ. ಪಟ್ಟಿ ನಿನ್ನದು, ನೀನೇ ಕೂತು ಮಾಡು. 'ನನ್ನ ರ‍್ಯಾಂಕಿಗೆ ಇದು ಸಿಗಲ್ಲ' ಅಂತ ಬೇಕಾದದ್ದನ್ನು ಕೆಳಗೆ ತಳ್ಳಬೇಡ. ಮೇಲಿನದು ಸಿಗದಿದ್ದರೆ ಕೆಇಎ ಅದರ ಕೆಳಗಿನದನ್ನು ನೋಡುತ್ತದೆ, ಆಸೆಪಟ್ಟದ್ದಕ್ಕೆ ದಂಡವಿಲ್ಲ. ಅಣಕು ಸೀಟು ಹಂಚಿಕೆ ಬಂದಾಗ ಪಟ್ಟಿಯನ್ನು ಮತ್ತೆ ತಿದ್ದು. ಸೀಟು ಬಂದ ಮೇಲೆ ಚಾಯ್ಸ್ ಒತ್ತುವ ಮುನ್ನ ನಾಲ್ಕನ್ನೂ ಓದು. ಒಂದನೆಯದು ಒಪ್ಪಿ ಸೇರುವುದು. ಎರಡನೆಯದು ಇದನ್ನು ಇಟ್ಟುಕೊಂಡು ಮೇಲಿನದಕ್ಕೆ ಕಾಯುವುದು. ಮೂರನೆಯದು ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು ಆಟದಿಂದಲೇ ಹೊರಬರುವುದು. ಎರಡನೆಯದನ್ನು ಒತ್ತಿದಾಗ ಮೇಲಿನದು ಸಿಕ್ಕರೆ ಹಿಂದಿನ ಸೀಟು ತಾನಾಗಿ ಕೈಬಿಡುತ್ತದೆ. ಹಾಗಾಗಿ ಬೇಡದ್ದನ್ನು ಪಟ್ಟಿಯ ಮೇಲೆ ಶೋಕಿಗೆ ಇಟ್ಟುಕೊಳ್ಳಬೇಡ.

ಅಪ್ಪ ಅಮ್ಮನ ಹತ್ತಿರ ಬಾಗಿಲು ದಢಾರನೆ ಹಾಕಿಕೊಂಡು ವಾದ ಮಾಡಬೇಡ. ಫೀಸು ಕಟ್ಟುವವರಿಗೆ ಲೆಕ್ಕ ಕೇಳುವ ಹಕ್ಕಿದೆ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು: ಕೋರ್ಸು ಯಾವುದು, ವರ್ಷಕ್ಕೆ ಖರ್ಚೆಷ್ಟು, ಮುಗಿದ ಮೇಲೆ ದಾರಿಗಳೇನು. ಬಿ.ಎ. ಮುಗಿಸಿದವರು ಮೂರು ವರ್ಷದ ಎಲ್‌ಎಲ್‌.ಬಿ. ಓದಬಹುದು, ಎರಡು ವರ್ಷದ ಬಿ.ಎಡ್. ಮಾಡಬಹುದು, ಕೆಎಎಸ್ ಬರೆಯಬಹುದು. ಬಿ.ಸಿ.ಎ. ಮುಗಿಸಿದವರಿಗೆ ಎರಡು ವರ್ಷದ ಎಂ.ಸಿ.ಎ. ಇದೆ. 'ನನಗಿಷ್ಟ' ಅಂತ ಕಾಲು ಕುಟ್ಟುವ ಮಗುವಿಗಿಂತ ಹಾಳೆ ಹಿಡಿದು ಕೂತ ಮಗುವಿನ ಮಾತಿಗೆ ಮನೆಯಲ್ಲಿ ತೂಕ ಜಾಸ್ತಿ.

ಒಂದು ಸಲ ಆರಿಸಿದರೆ ಬದುಕೆಲ್ಲ ಅಲ್ಲೇ ಬೀಗ ಬಿತ್ತು ಅಂತ ಅಳುಕಬೇಡ. ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮುಗಿಸಿದ್ದು ಬಿ.ಎ., ಎಂಜಿನಿಯರಿಂಗ್ ಓದಿದ್ದು ಆಮೇಲೆ ಪುಣೆಯಲ್ಲಿ. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದು ಗಣಿತ, ಸಂಖ್ಯಾಶಾಸ್ತ್ರ. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರ ಬಿಟ್ಟು ಸಾಹಿತಿಯಾದವರಲ್ಲ. ವಿದ್ಯಾರ್ಥಿಗಳ ಜೊತೆ ಗಿಡ ಹುಡುಕುತ್ತ ಕಾಡು ಸುತ್ತಿದ ಅನುಭವವನ್ನೇ ಬರೆದರು. ಆ 'ಹಸುರು ಹೊನ್ನು'ಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದಾರಿ ಬದಲಿಸಿದವರೂ ಬದಲಿಸದವರೂ ಕೈಗೆ ಬಂದದ್ದನ್ನು ಮೊದಲು ಮನಸ್ಸಿಟ್ಟು ಓದಿದರು. ಅರ್ಧಂಬರ್ಧ ಓದಿ 'ಇದು ನನ್ನ ವಿಷಯವಲ್ಲ' ಅನ್ನುವ ಹಕ್ಕು ಯಾರಿಗೂ ಇಲ್ಲ.

ಈಗ ಏಳು. ನಾಳೆ ಲೈಬ್ರರಿಗೆ ಹೋಗಿ ನಿನ್ನ ತಲೆಯಲ್ಲಿರುವ ಎರಡು ವಿಷಯಗಳ ಎರಡನೇ ವರ್ಷದ ಪುಸ್ತಕ ತಾ. ಫೋನು ಅಮ್ಮನ ಕೈಗೆ ಕೊಟ್ಟು, ಒಂದೊಂದನ್ನು ಒಂದೊಂದು ವಾರ ಓದು. ಲೆಕ್ಕವಿದ್ದರೆ ಮಾಡು, ಚಿತ್ರವಿದ್ದರೆ ಬಿಡಿಸು. ಎಲ್ಲಿ ಬೇಸರವಾಯಿತೋ ಆ ಪುಟಕ್ಕೆ ಗುರುತು ಹಾಕು. ಬೇಸರವಾದರೂ ಪುಟ ತಿರುಗಿಸಿದ್ದು ಯಾವ ಪುಸ್ತಕದಲ್ಲಿ ಅಂತ ಬಂದು ಹೇಳು. ಕೂತು ಮಾತಾಡೋಣ.